ಅಪ್ಪನ ಅಂಗೈಗೆ ನೀರು

ಗೋಕಾಕದ ನಮ್ಮ ಓಣಿಯಲ್ಲಿ ಬೀದಿದೀಪಗಳಿಗೆ ಕೊರತೆಯಿಲ್ಲ. ಆದರೂ ಹೊತ್ತು ಮುಳುಗಿದ ಮೇಲೆ ನಾನು ಕೈಯಲ್ಲಿ ಬ್ಯಾಟರಿ ಹಿಡಿದು, ಅದರ ಬೆಳಕನ್ನು ಪಾದದ ಮುಂದೆ ಬಿಟ್ಟುಕೊಂಡೇ ಹೊರಗೆ ಹೋಗುತ್ತೇನೆ. ಪಾನ್ ಅಂಗಡಿಯ ಕಟ್ಟೆಯ ಮೇಲೆ ಕೂತವರು, ಏನು ಕಳಕೊಂಡೀರಿ, ನಾವೂ ಹುಡುಕೋಣೇನು ಎಂದು ಕಾಡುತ್ತಾರೆ. ಅವರು ಕೂರುವುದು ನನ್ನ ಎಡಕ್ಕೆ. ಹೀಗಾಗಿ ಅವರ ಅರ್ಧ ಮಾತು ನನಗೆ ಮುಟ್ಟುವುದೇ ಇಲ್ಲ. ಕಾಯಿಲೆಯಿಂದ ಆದ ಲಾಭ ಅದೊಂದೇ.

ಎಡಗಿವಿಯ ಹಿಂದೆ, ಕೂದಲೊಳಗೆ, ಹೊಲಿಗೆಯ ಗುರುತಿದೆ. ಅಲ್ಲಿಂದ ತೆಗೆದ ಗಡ್ಡೆಗೆ ಡಾಕ್ಟರರು ಅಕೂಸ್ಟಿಕ್ ನ್ಯೂರೋಮಾ ಎಂಬ ದೊಡ್ಡ ಹೆಸರು ಹೇಳಿದ್ದರು. ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಸದ್ದಿಲ್ಲದೆ ಬೆಳೆಯುವ ಗಂಟು. ಆಪರೇಷನ್ ಆಯಿತು, ಜೀವ ಉಳಿಯಿತು, ಆ ಕಿವಿ ಪೂರ್ತಿ ಹೋಯಿತು. ತೋಲ, ಅಂದರೆ ಮೈಯ ಸಮತೋಲನ, ಇನ್ನೂ ಸರಿಹೋಗಿಲ್ಲ. ದಿನಾ ಬೆಳಿಗ್ಗೆ ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು, ನೋಟ ಕದಲಿಸದೆ ತಲೆಯನ್ನು ಅತ್ತಿತ್ತ ಆಡಿಸುವ ವ್ಯಾಯಾಮ ಮಾಡುತ್ತೇನೆ. ಕಿವಿ ಹೋಯಿತೆಂದು ನಾನು ಅತ್ತವನಲ್ಲ. ಅತ್ತದ್ದು ಬೇರೆಯದಕ್ಕೆ, ಮತ್ತು ಅದನ್ನು ಹೇಳಬೇಕೆಂದರೆ ಅಪ್ಪನ ಪೂಜೆಯಿಂದಲೇ ಶುರುಮಾಡಬೇಕು.

ಲಿಂಗಪೂಜೆ ಆಗದೆ ಅಪ್ಪ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಬೆಳಿಗ್ಗೆ ಜಳಕ ಮಾಡಿ, ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತನೆಂದರೆ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡುವಂತಿರಲಿಲ್ಲ. ವಯಸ್ಸಾದಂತೆ ಅವನ ಬಲಗೈ ನಡುಗತೊಡಗಿತು. ಲಿಂಗದ ಮೇಲೆ ಹಾಕುವ ನೀರು ಮೊಣಕೈಗುಂಟ ಹರಿದು ಧೋತರ ತೋಯಿಸುತ್ತಿತ್ತು. ಆಗಿನಿಂದ ಆ ನೀರು ಹಾಕುವ ಕೆಲಸ ನನ್ನದಾಯಿತು. ತಂಬಿಗೆ ಬಾಗಿಸಿ ಸಣ್ಣ ಎಳೆಯಾಗಿ ಬಿಡಬೇಕು, ಸಾಕೆಂದು ಅವನು ಕಣ್ಣು ಮುಚ್ಚಿದಾಗ ನಿಲ್ಲಿಸಬೇಕು, ವಿಭೂತಿ ಕೊಡಬೇಕು, ಪತ್ರಿ ಏರಿಸಬೇಕು. ನಾವಿಬ್ಬರೂ ಹುಟ್ಟಾ ಜಗಳಗಂಟರು. ಬೆಳೆಗೆ ನೀರು ಬಿಡುವುದರಿಂದ ಹಿಡಿದು ಸಾರಿನ ಉಪ್ಪಿನವರೆಗೆ ಯಾವುದರಲ್ಲೂ ಒಂದಾದವರಲ್ಲ. ಆ ಒಂದು ಹೊತ್ತಿನಲ್ಲಿ ಮಾತ್ರ ಅವನು ತನ್ನ ಅಂಗೈಯನ್ನು ನನ್ನ ಮುಂದೆ ಚಾಚುತ್ತಿದ್ದ. ನನಗೆ ಅದು ಬಹಳ ಬೇಕಾಗಿತ್ತು.

ನಾನು ಮೂಡಲಗಿಯ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಗೋಕಾಕಕ್ಕೆ ಮರಳುತ್ತಿದ್ದೆ. ಮೊದಲು ಕೆಟ್ಟದ್ದು ಫೋನು, ಅಂದರೆ ನಾನು ಹಾಗೆ ತಿಳಿದಿದ್ದೆ. ಎಡಗಿವಿಗೆ ಹಿಡಿದರೆ ಗಿರಾಕಿಗಳ ಮಾತು ಗುಳುಗುಳು ಎನ್ನುತ್ತಿತ್ತು. ಫೋನು ಮಾರಿದವನನ್ನು ಬಾಯಿತುಂಬ ಬೈದು ಹೊಸದು ಕೊಂಡೆ. ಹೊಸದೂ ಅದೇ ರಾಗ ಹಾಡಿತು. ಆಮೇಲೆ ನಡಿಗೆ ಕೆಟ್ಟಿತು. ಹಗಲು ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ಸಂಜೆ ಬಸ್ಸಿಳಿದು ಮನೆಗೆ ಬರುವಾಗ ಕಾಲಡಿಯ ನೆಲ ಜೋಲಿ ಹೊಡೆಯುತ್ತಿತ್ತು. ಗೋಡೆ ಹಿಡಿಯುತ್ತಿದ್ದೆ, ನಿಂತ ಗಾಡಿ ಹಿಡಿಯುತ್ತಿದ್ದೆ, ಒಮ್ಮೆ ಗಟಾರದ ಅಂಚಿಗೆ ಕೂತೇಬಿಟ್ಟೆ.

ಸಂಜೆ ಹೊತ್ತಿನಲ್ಲಿ ಜೋಲಿ ಹೊಡೆಯುತ್ತ ಬರುವ ಗಂಡಸಿಗೆ ನಮ್ಮ ಕಡೆ ಇರುವುದು ಒಂದೇ ಅರ್ಥ. ಓಣಿ ತನ್ನ ತೀರ್ಪು ಕೊಟ್ಟಿತು. ಅದು ಹುಕ್ಕೇರಿಯವರೆಗೂ ಹೋಗಿ, ಅಲ್ಲಿಯ ಸಂತೆಯಲ್ಲಿ ನೆಂಟರ ಬಾಯಿಗೆ ಬಿದ್ದು, ಇನ್ನಷ್ಟು ದಪ್ಪಗಾಗಿ ನಮ್ಮ ಮನೆಗೇ ತಿರುಗಿ ಬಂತು. ಜನ ಏನಾದರೂ ಅಂದುಕೊಳ್ಳಲಿ, ನಾನು ಕ್ಯಾರೇ ಎನ್ನುವವನಲ್ಲ. ಆದರೆ ಒಂದು ಸಂಜೆ ಹೆಂಡತಿ ನೀರು ಕೊಡುವ ನೆಪದಲ್ಲಿ ತೀರಾ ಹತ್ತಿರ ಬಂದು ನಿಂತಳು. ಅವಳ ಮೂಗಿನ ಹೊಳ್ಳೆ ಅರಳಿದ್ದು ಕಂಡೆ. ನನ್ನ ಬಾಯಿ ಮೂಸಿ ನೋಡುತ್ತಿದ್ದಳು. ವಾಸನೆ ಸಿಗದಿದ್ದರೂ ಅವಳ ಮುಖದ ಅನುಮಾನ ಹೋಗಲಿಲ್ಲ. ಆ ದಿನ ನಾನು ಊಟ ಮಾಡಲಿಲ್ಲ.

ಅಪ್ಪನದು ಇನ್ನೂ ಆಳದ ಗಾಯ. ಅವನ ತಮ್ಮ, ನಮ್ಮ ಕಾಕಾ, ಕುಡಿದು ಕುಡಿದೇ ಸತ್ತವನು. ಹುಕ್ಕೇರಿ ಹತ್ತಿರದ ನಮ್ಮ ಹೊಲದ ಬದುವಿನ ಮೇಲೆ ಬಿದ್ದವನನ್ನು ಅಪ್ಪ ಹೆಗಲ ಮೇಲೆ ಹೊತ್ತು ತರುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಹೆಗಲ ಮೇಲಿದ್ದುಕೊಂಡೇ ಕಾಕಾ, ನಾ ಕುಡದಿಲ್ಲೋ ಅಣ್ಣಾ ಎನ್ನುತ್ತಿದ್ದ.

ಒಂದು ಬೆಳಿಗ್ಗೆ ನಾನು ಎಂದಿನಂತೆ ತಂಬಿಗೆ ತಂದೆ. ಅಪ್ಪ ಅಂಗೈ ಚಾಚಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಇನ್ನ ಮ್ಯಾಲೆ ಸೊಸಿ ನೀರ ಹಾಕಲಿ," ಎಂದ.

"ಅಪ್ಪಾ, ನಾ ಕುಡದಿಲ್ಲ."

"ಅವನೂ ಹಿಂಗ ಅಂತಿದ್ದ," ಎಂದು ಕಣ್ಣು ಮುಚ್ಚಿದ.

ನಾನು ಗಟ್ಟಿಯಾಗಿ ಜಗಳಾಡಿದ್ದರೆ ಚೆನ್ನಾಗಿತ್ತೇನೋ. ಬಾಯಿಗೆ ಬರುವ ಮಾತೆಲ್ಲ ಕಾಕಾ ಆಗಲೇ ಆಡಿ ಹೋಗಿದ್ದ. ತಂಬಿಗೆಯನ್ನು ಹೆಂಡತಿಯ ಕೈಗೆ ಕೊಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಆಮೇಲೆ ಶುರುವಾಯಿತು ಡಾಕ್ಟರರ ಮನೆ ತಿರುಗಾಟ. ಗುಣವಾಗಬೇಕೆಂಬ ಆಸೆಗಿಂತ, ಇದು ಕಾಯಿಲೆಯೆಂದು ಯಾರಾದರೂ ಹೇಳಲಿ ಎಂಬ ಹಟವೇ ಹೆಚ್ಚಾಗಿತ್ತು. ಒಬ್ಬರು ಪಿತ್ತ ಎಂದರು. ಒಬ್ಬರು ಬಿ.ಪಿ. ಎಂದರು, ಬಿ.ಪಿ. ನೋಡಿದರೆ ಸರಿಯಾಗಿತ್ತು. ಮೂರನೆಯವರು ಕುತ್ತಿಗೆಯ ಎಲುಬು ಸವೆದಿದೆಯೆಂದು ಕೊರಳಿಗೆ ಪಟ್ಟಿ ಬಿಗಿದರು. ಆ ಪಟ್ಟಿ ಕಟ್ಟಿಕೊಂಡು, ನೆಲ ಕಾಣದೆ, ಮೊದಲಿಗಿಂತ ಹೆಚ್ಚು ಜೋಲಿ ಹೊಡೆದೆ. ಕುಡಿದು ಎಲ್ಲಿಯೋ ಬಿದ್ದು ಕುತ್ತಿಗೆ ಮುರಿದುಕೊಂಡಿದ್ದಾನೆಂದು ಓಣಿಯವರು ಮಾತಾಡಿಕೊಂಡರು.

ಕೊನೆಗೆ ದಾರಿ ತೋರಿಸಿದ್ದು ಕಿವಿಯೇ. ಅದರಲ್ಲಿ ಸದಾ ಮಿಕ್ಸರ್ ತಿರುಗಿದಂಥ ಸದ್ದು, ಮೇಣ ಕೂತಿರಬೇಕು, ತೆಗೆಸಿಕೊಂಡು ಬರೋಣವೆಂದು ಗೋಕಾಕದಲ್ಲಿ ವಾರಕ್ಕೊಮ್ಮೆ ಕೂರುವ ಕಿವಿಯ ಡಾಕ್ಟರರ ಕಡೆಗೆ ಹೋದೆ. ಹೆಂಡತಿಯೂ ಜೊತೆಗೆ ಬಂದಳು, ನನ್ನನ್ನು ಒಬ್ಬನೇ ಬಿಡುವಷ್ಟು ನಂಬಿಕೆ ಅವಳಿಗಿರಲಿಲ್ಲ. ಡಾಕ್ಟರರು ಕಿವಿಯೊಳಗೆ ನೋಡಿ ಮೇಣವಿಲ್ಲ ಎಂದರು. ಆ ಕಿವಿಯಷ್ಟೇ ಮಂದವಾಗಿದೆಯೇ ಎಂದು ವಿಚಾರಿಸಿದರು. ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಲು ಹೇಳಿದರು. ಮುಚ್ಚಿದೆ. ಎಡಕ್ಕೆ ವಾಲಿದವನನ್ನು ಅವರೇ ಹಿಡಿದುಕೊಂಡರು.

"ಕತ್ತಲಾದ ಮ್ಯಾಲೆ ಹೆಚ್ಚ ಆಗ್ತೈತೇನ್ರಿ?" ಎಂದು ಕೇಳಿದರು.

ನಾನು ಹೌದೆನ್ನುವ ಮೊದಲೇ ಹೆಂಡತಿ ಹೌದ್ರಿ ಎಂದಳು. ಡಾಕ್ಟರರು ಅವಳಿಗೇ ಬಿಡಿಸಿ ಹೇಳಿದರು. ಕೇಳುವ ನರ, ತೋಲ ಹಿಡಿಯುವ ನರ ಎರಡೂ ಕಿವಿಯಿಂದ ಜೋಡಿಯಾಗಿ ಒಳಗೆ ಹೋಗುತ್ತವೆ. ಅಲ್ಲಿ ಏನಾದರೂ ಕೆಟ್ಟರೆ ಹಗಲು ಕಣ್ಣು ದಾರಿ ನೋಡಿಕೊಂಡು ಹೇಗೋ ನಿಭಾಯಿಸುತ್ತದೆ. ಬೆಳಕು ಹೋದ ಕೂಡಲೇ ಆ ಆಸರೆಯೂ ಹೋಗುತ್ತದೆ, ಅದಕ್ಕೇ ಸಂಜೆ ಹೆಜ್ಜೆ ತಪ್ಪುವುದು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತ ನಿಂತಳು. ನನಗೆ ಸಿಟ್ಟು ಬರಬೇಕಾಗಿತ್ತು, ಬದಲಿಗೆ ಪಕ್ಕದ ಕುರ್ಚಿಯನ್ನು ಅವಳ ಕಡೆಗೆ ಸರಿಸಿದೆ.

ಅವರು ಬರೆದುಕೊಟ್ಟಂತೆ ಬೆಳಗಾವಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಅಲ್ಲಿಯ ಮೆದುಳಿನ ಸರ್ಜನ್ ಗಂಟು ತೋರಿಸಿ, ಇದು ಕ್ಯಾನ್ಸರ್ ಅಲ್ಲ, ಆದರೆ ತೆಗೆಯಲೇಬೇಕು, ಆ ಕಡೆಯ ಕಿವಿಯ ಆಸೆ ಬಿಡಿ ಎಂದರು. ಮುಖ ವಕ್ರವಾಗುವ ಭಯವೂ ಇದೆಯೆಂದರು. ಕೇಳಿ ಗಡಗಡ ನಡುಗಬೇಕಾದವನು ನಾನು. ಹೇಳಲು ನಾಚಿಕೆಯಾಗುತ್ತದೆ, ನನಗೆ ಖುಷಿಯಾಗಿತ್ತು. ಬಸ್ಸಿನಲ್ಲಿ ಆ ಫಿಲ್ಮಿನ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪನಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಅಪ್ಪ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೈ ನಡುಗಿ ಅದು ಪಟಪಟ ಎಂದಿತು. ಬೆಳ್ಳಗಿನ ಗಂಟನ್ನು ಬೆರಳಿಟ್ಟು ತೋರಿಸಿದೆ.

"ಕಿವ್ಯಾಗ ಗಂಟಾದ್ರ ಕಾಲ ಯಾಕ ತಪ್ಪತಾವೋ?" ಎಂದು ಕೇಳಿದ.

ನನಗೆ ತಿಳಿದಂತೆ ಹೇಳಿದೆ, ಹೆಂಡತಿ ಡಾಕ್ಟರರು ಹೇಳಿದಂತೆಯೇ ಹೇಳಿದಳು. ಅಪ್ಪ ಕೇಳಿಸಿಕೊಂಡ. ಆತು, ನೋಡೂಣು ಎಂದು ಫಿಲ್ಮನ್ನು ಮಂಚದ ಮೇಲಿಟ್ಟ. ಮರುದಿನ ಬೆಳಿಗ್ಗೆ ನಾನು ಪೂಜೆಯ ಹೊತ್ತಿಗೆ ಬಾಗಿಲಲ್ಲಿ ನಿಂತುಕೊಂಡೆ. ಅವನು ಸೊಸೆಯನ್ನೇ ಕರೆದ.

ಮಳೆ ಹಿಡಿದಾಗ ಅಪ್ಪನಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ನನ್ನ ಆಪರೇಷನ್ ಮುಂದೆ ಹಾಕಿಸಿಕೊಂಡೆ. ಆಸ್ಪತ್ರೆಗೆ ಬಾ ಎಂದರೆ ಬರಲೊಲ್ಲ, ಡಾಕ್ಟರರೇ ಮನೆಗೆ ಬಂದು ಸೂಜಿ ಮಾಡಿ ಹೋಗುತ್ತಿದ್ದರು. ಅಂಥ ಜ್ವರದಲ್ಲೂ ಪೂಜೆ ತಪ್ಪಿಸಲಿಲ್ಲ. ಒಂದು ಬೆಳಿಗ್ಗೆ ಅವನು ಮಂಚದ ಮೇಲೆ ಗೋಡೆಗೆ ಒರಗಿ ಲಿಂಗ ಹಿಡಿದು ಕೂತಿದ್ದ. ಹೆಂಡತಿ ಒಳಗೆ ಗಂಜಿ ಕಾಯಿಸುತ್ತಿದ್ದಳು. ನಾನೇ ತಂಬಿಗೆ ಎತ್ತಿಕೊಂಡು, ನಾ ಹಾಕಲೇನಪ್ಪಾ ಎಂದೆ. ಅಪ್ಪ ಬೆರಳುಗಳನ್ನು ಒಂದೊಂದಾಗಿ ಮಡಚಿ ಲಿಂಗವನ್ನು ಮುಚ್ಚಿಕೊಂಡ. ಕೆಡವುತ್ತೇನೆಂದು ಹೆದರಿದನೋ, ನನ್ನ ಕೈಯ ನೀರಿಗೆ ಹೇಸಿದನೋ, ನನಗೆ ಇಂದಿಗೂ ಗೊತ್ತಿಲ್ಲ. ತಂಬಿಗೆ ಕೆಳಗಿಟ್ಟು ಹಿತ್ತಲಿಗೆ ಹೋಗಿ ಅತ್ತೆ. ಅದೇ ವಾರ ಅವನು ಹೋದ.

ಮಣ್ಣಿಗೆ ಹುಕ್ಕೇರಿ ಹತ್ತಿರದ ಹೊಲಕ್ಕೆ ಒಯ್ದೆವು. ಕಾಕಾನ ಮಗ ಆಳು ಹಚ್ಚಿ ಕುಣಿ ತೆಗೆಸಿಟ್ಟಿದ್ದ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕುಣಿಯೊಳಗೆ ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನು ಇಟ್ಟು, ಕಡೆಯ ಪೂಜೆ ಮಾಡಿ ಮಣ್ಣು ಕೊಡುತ್ತಾರೆ. ಪೂಜೆಗೆ ಮಗ ಇಳಿಯಬೇಕು. ಮೋಡ ಕವಿದು ಹೊತ್ತಿಗೆ ಮುಂಚೆಯೇ ಮಬ್ಬಾಗಿತ್ತು. ನಾನು ಕುಣಿಯ ಅಂಚಿಗೆ ಬಂದವನೇ ತೂರಾಡಿದೆ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ದಿವಸವೂ ಬಿಟ್ಟಿಲ್ಲ ನೋಡು ಎಂದು ಯಾರೋ ನನ್ನ ಬಲಗಡೆ ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಕಾಕಾನ ಮಗ ಮೆಲ್ಲಗೆ ನನ್ನ ತೋಳು ಹಿಡಿದು, ನೀನು ಮೇಲೇ ಇರು ಅಣ್ಣಾ, ನಾನು ಇಳಿಯುತ್ತೇನೆ ಎಂದ.

ಆಗ ಹೆಂಗಸರ ಗುಂಪಿನಿಂದ ನನ್ನ ಹೆಂಡತಿ ಮುಂದೆ ಬಂದಳು. ಹಿರಿಯರ ಎದುರು ಅವಳು ಎಂದೂ ದನಿ ಎತ್ತಿದವಳಲ್ಲ.

"ಅವರು ಕುಡದಿಲ್ರಿ. ಅವರ ತಲ್ಯಾಗ ಗಂಟೈತಿ," ಎಂದಳು. "ಕೈ ಹಿಡದು ಇಳಸ್ರಿ. ನೀರ ಅವರ ಹಾಕಬೇಕು."

ಕಾಕಾನ ಮಗ ತಾನು ಮೊದಲು ಇಳಿದು ನನ್ನನ್ನು ನಡುವಿಗೆ ಹಿಡಿದು ಇಳಿಸಿಕೊಂಡ. ನಿಲ್ಲಲಾಗದೆ ನಾನು ಅಪ್ಪನ ಎದುರು ಹಸಿ ಮಣ್ಣಿನಲ್ಲಿ ಕೂತೆ. ಪೂಜೆ ಮಾಡಿಸುತ್ತಿದ್ದ ಅಯ್ಯನವರು ಅವನ ಎಡಗೈ ಬಿಡಿಸಿ ಲಿಂಗವನ್ನಿಟ್ಟು, ಹೂಂ, ನೀರು ಹಾಕು ಎಂದರು. ತಂಬಿಗೆ ಬಾಗಿಸಿದೆ. ಸಣ್ಣ ಎಳೆ, ಅವನಿಗೆ ಬೇಕಾಗಿದ್ದಂತೆ. ಕಣ್ಣು ಮೊದಲೇ ಮುಚ್ಚಿದ್ದವು, ಸಾಕೆಂದು ಹೇಳುವವರಿರಲಿಲ್ಲ, ತಂಬಿಗೆ ಬರಿದಾಗುವವರೆಗೂ ಹಾಕಿದೆ. ಅಪ್ಪ ಈ ಸಲ ಬೆರಳು ಮಡಚಲಿಲ್ಲ.