ಹಗಲಿನ ಕರೆಂಟು, ಸಂಜೆಯ ಜೋಳ

ಬಿಸಿಲು ಪುಕ್ಕಟೆ ಅಂತ ಯಾರು ಹೇಳಿದರೋ, ಅವರನ್ನು ಒಂದು ದಿನ ಬಸಕ್ಕನ ಹಿಟ್ಟಿನ ಗಿರಣಿಯ ಮಾಳಿಗೆ ಹತ್ತಿಸಬೇಕು. ಗಾದಿಗನೂರಿನ ರಸ್ತೆಯಲ್ಲಿ ಅದಿರಿನ ಲಾರಿ ಹಾದಷ್ಟೂ ಕೆಂಪು ಧೂಳು. ಅದು ಸೋಲಾರ್ ಪ್ಲೇಟಿನ ಮೇಲೆ ಕೂತರೆ ಮೋಟರು ತಿಣುಕುತ್ತದೆ. ಹಾಗಾಗಿ ಐವತ್ತೆಂಟರ ಬಸಕ್ಕ ದಿನಾ ಬೆಳಗ್ಗೆ ಕೊಡ ಹೊತ್ತು ಏಣಿ ಹತ್ತಿ, ಅಷ್ಟೂ ಪ್ಲೇಟು ಒರೆಸುತ್ತಾಳೆ. ಇಳಿದ ಮೇಲೆ ಸೊಂಟ ಹಿಡಿದುಕೊಂಡು ಹತ್ತು ನಿಮಿಷ ಕೂರುತ್ತಾಳೆ.

ಗಂಡ ಕೆಂಚಣ್ಣ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಗಿರಣಿ ಅವಳದೇ. ಗಳಿಕೆಯನ್ನೆಲ್ಲ ಕರೆಂಟ್ ಬಿಲ್ಲು ನುಂಗುತ್ತಿತ್ತು. ಹೊಸಪೇಟೆಯಲ್ಲಿ ಸೋಲಾರ್ ಕೂರಿಸುವ ಹುಲಿಗೇಶ್ ಲೆಕ್ಕ ಹಾಕಿ ತೋರಿಸಿದ: "ಬಿಸಿಲಿನ ಯುನಿಟ್ಟು ಅರ್ಧಕ್ಕೂ ಅಗ್ಗ ಬೀಳ್ತೈತಿ, ದೊಡ್ಡಮ್ಮ." ಅವನ ಲೆಕ್ಕವೇನೂ ತಪ್ಪಿರಲಿಲ್ಲ. ಬಂಗಾರದ ಬೋರಮಾಳ ಸರ ಮಾರಿ ಹಾಕಿಸಿದಳು. ಹಗಲಿನ ಕರೆಂಟನ್ನು ಸಂಜೆಗೆ ಕೂಡಿಡುವ ಬ್ಯಾಟರಿಗೆ ಆ ಸರ ಸಾಲಲಿಲ್ಲ. ಗಿರಣಿಗೆ ಬರುವ ಹೆಂಗಸರೋ ಕೂಲಿ ಮುಗಿಸಿ ಬರುವುದೇ ಹೊತ್ತು ಮುಳುಗುವಾಗ! ಹಗಲೆಲ್ಲ ಅಗ್ಗದ ಬಿಸಿಲು ಸುಮ್ಮನೆ ಹಾಳು, ಸಂಜೆ ಮತ್ತೆ ದುಬಾರಿ ಕರೆಂಟು. ಹೀಗೇ ನಡೆದರೆ ಈ ವರ್ಷವೇ ಗಿರಣಿಗೆ ಬೀಗ.

ಬೆಳಗ್ಗೆ ಜೋಳ ಇಟ್ಟುಹೋಗಿ, ಸಂಜೆ ಹಿಟ್ಟು ಒಯ್ಯಿರಿ ಎಂದು ಬೇಡಿಕೊಂಡಳು. ಯಾರೂ ಒಪ್ಪಲಿಲ್ಲ. ತಮ್ಮ ಜೋಳ ಬೀಸುವಾಗ ಪಕ್ಕದಲ್ಲೇ ನಿಂತು, ಕಣ್ಣು ಕೀಳದೆ ನೋಡಿ, ಹಿಟ್ಟು ಕಟ್ಟಿಕೊಂಡು ಹೋಗುವುದು ಆ ಹೆಂಗಸರ ಪದ್ಧತಿ. ಯಾಕೆಂದು ಬಸಕ್ಕನಿಗೆ ಚೆನ್ನಾಗಿಯೇ ಗೊತ್ತಿತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಒಂದು ಸಂಜೆ ಕೂಲಿಯಿಂದ ಬಂದ ದುರ್ಗಕ್ಕ ಚೀಲ ಇಳಿಸಿದಳು. ಹಿಂದೆ ಇನ್ನೂ ಮೂವರು.

"ಸ್ವಿಚ್ ಹಾಕು ಯಕ್ಕಾ, ಜಲ್ದಿ. ಮನ್ಯಾಗ ಹುಡುಗ್ರು ಹಸ್ಕೊಂಡು ಕುಂತಾರ."

"ಹಾಕಂಗಿಲ್ಲ," ಅಂದಳು ಬಸಕ್ಕ.

"ಯವ್ವಾ! ಏನಾತು ನಿನಗ?"

"ಸಾಕಾಗೇತಿ ನನಗ. ನನ್ನ ಗಂಡ ನಿಮ್ಮ ಹಿಟ್ನಾಗ ಒಂದೊಂದು ಬೊಗಸಿ ತಗೀತಿದ್ದ. ಅದಕ್ಕ ನೀವು ನಿಂತು ನೋಡ್ತೀರಿ. ನನಗೂ ಗೊತ್ತಿತ್ತು. ಅದ್ರಾಗ ರೊಟ್ಟಿ ಬಡ್ದು ನಾನೂ ತಿಂದೀನಿ. ಅವ ಹೋದ ಮ್ಯಾಲೆ ಒಂದು ಚಿಟಿಕಿ ಮುಟ್ಟಿಲ್ಲ. ನಂಬಿದ್ರ ನಂಬ್ರಿ, ಇಲ್ಲಂದ್ರ ಬಾಗಿಲು ಹಾಕ್ತೀನಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಹಿಂದಿದ್ದ ಮೂವರೂ ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಅವರನ್ನು ಕೂಗಿ ಕರೆಯುವಷ್ಟೂ ತ್ರಾಣ ಬಸಕ್ಕನಲ್ಲಿರಲಿಲ್ಲ. ಹೋದರೆ ಹೋಗಲಿ ಅನ್ನಿಸಿತು.

ದುರ್ಗಕ್ಕ ಮಾತ್ರ ತನ್ನ ಚೀಲವನ್ನು ಮೂಲೆಗೆ ಎಳೆದಿಟ್ಟಳು.

"ನಾಳೆ ಬಿಸಿಲಾಗ ಬೀಸಿಡು. ಇವತ್ತು ಅನ್ನ ಮಾಡ್ಕೊಂತೀನಿ."

"ನಂಬಿದೇನವಾ?"

"ಅವನ ಬೊಗಸಿ ವಿಷ್ಯ ಊರಿಗೆಲ್ಲ ಗೊತ್ತಿತ್ತು, ಬಿಡು," ಅಂದಳು ದುರ್ಗಕ್ಕ, ಸೆರಗು ಸಿಕ್ಕಿಸಿಕೊಳ್ಳುತ್ತಾ. "ನೀನು ಯಾವಾಗ ಬಾಯಿ ಬಿಡ್ತಿ ಅಂತ ಹನ್ನೊಂದು ವರ್ಷ ನಿಂತು ನಿಂತು ನಮ್ಮ ಕಾಲೂ ಸೋತಾವ."