ಕೆಂಚ್ಯಾನ ಎದೆಪಟ್ಟಿ

ಆಗ ನಿಜಾಮರ ಆಳ್ವಿಕೆ. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಎರಡೂ ಕಲಸಿದ ಮಾತು. ಬೇಸಿಗೆಯ ರಜೆ ಬಂತೆಂದರೆ ಬ್ರಹ್ಮಪುರದ ನಮ್ಮ ಓಣಿಯ ಹುಡುಗಿಯರೆಲ್ಲ ಬೇವಿನ ನೆರಳಿನಲ್ಲಿ ಗಜ್ಜುಗ ಆಡುತ್ತ ಕೂರುತ್ತಿದ್ದರು. ನಾನೊಬ್ಬಳು ಮಾತ್ರ ಎತ್ತಿನ ಗಾಡಿ ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದೆ. ನಸುಕಿನಲ್ಲಿ ಕಲಬುರಗಿ ಬಿಟ್ಟರೆ ಹೊತ್ತು ಮುಳುಗುವಾಗ ತೋಟ. ದಾರಿಯಲ್ಲಿ ಬಿಚ್ಚುವ ರೊಟ್ಟಿಗಂಟು, ಶೇಂಗಾ ಹಿಂಡಿ, ಅರಿವೆಯೊಳಗೇ ಒಡೆದು ಹೋಗಿರುತ್ತಿದ್ದ ಉಳ್ಳಾಗಡ್ಡಿ. ನಿಮ್ಮಲ್ಲಿ ಹಲವರಿಗೆ ಇಂಥ ಬೇಸಿಗೆಗಳು ಇದ್ದಾವು, ನೆನೆದರೆ ಬಾಯಲ್ಲಿ ನೀರೂರೀತು. ನನಗೂ ಊರುತ್ತದೆ. ಆದರೆ ಅವುಗಳಲ್ಲಿ ಒಂದು ಬೇಸಿಗೆ ನೆನಪಾದರೆ ಮಾತ್ರ ಈ ವಯಸ್ಸಿನಲ್ಲೂ ತಲೆ ತಗ್ಗಿಸಿಬಿಡುತ್ತೇನೆ.

ತೋಟ ನನ್ನ ಮುತ್ಯಾನದು, ಎಂದರೆ ಅಪ್ಪನ ಅಪ್ಪನದು. ಕೆಂಪು ಬಾಳೆಯ ತೋಟ. ಹಣ್ಣಿಗೆ ಹಾಕಿದ ಕೋಣೆಯ ಬಾಗಿಲು ತೆಗೆದರೆ ಆ ವಾಸನೆ ಅಂಗಳ ದಾಟಿ ಬಾವಿಯ ತನಕ ಬರುತ್ತಿತ್ತು. ಆಯಿ, ಎಂದರೆ ನಮ್ಮ ಅಜ್ಜಿ, ತೀರಿಕೊಂಡ ಮೇಲೆ ಮುತ್ಯಾ ಕಲಬುರಗಿಯ ಮನೆಗೆ ಬಂದು ಇರಲು ಒಪ್ಪಲಿಲ್ಲ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತವರು ಅವನಿಗೆ ಬರೀ ನೆರಳು. ಆದರೂ ಹಟಮಾರಿ ಮುದುಕ ಬದುವಿನ ಮೇಲೆ ಓಡಾಡುವುದನ್ನು ಬಿಡಲಿಲ್ಲ, ಏಕೆಂದರೆ ಅವನ ಮುಂದೆ ಕೆಂಚ್ಯಾ ನಡೆಯುತ್ತಿದ್ದ.

ಕೆಂಚ್ಯಾ ಅವನ ನಾಯಿ. ಕುರಿಗಾರರು ಮರಿ ಇದ್ದಾಗ ಕೊಟ್ಟದ್ದು, ಬೆಳೆದು ಕರುವಿನಷ್ಟು ಎತ್ತರವಾಗಿತ್ತು. ಹೆಸರಿಗೆ ತಕ್ಕ ಹಾಗೆ ಕೆಂಪು. ತಲೆಗಿಂತ ಕೊರಳೇ ದಪ್ಪ. ಮುತ್ಯಾ ಹಗ್ಗದ ತುದಿ ಹಿಡಿದು ಅದರ ಹಿಂದೆ ನಡೆಯುತ್ತಿದ್ದ, ನೀರಿನ ಕಾಲುವೆ ಬಂದರೆ ಅದು ನಿಲ್ಲುತ್ತಿತ್ತು, ಇವನೂ ನಿಲ್ಲುತ್ತಿದ್ದ. ಹಂದಿಯ ವಾಸನೆ ಬಂದಾಗ ಮಾತ್ರ ಅದಕ್ಕೆ ಮುತ್ಯಾನ ನೆನಪು ಇರುತ್ತಿರಲಿಲ್ಲ. ಆ ವರ್ಷದ ಹೋಳಿಯ ಹೊತ್ತಿಗೆ ಹಾಗೇ ಆಯಿತು. ಕೆಂಚ್ಯಾ ಜಿಗಿಯಿತು, ಕೊರಳ ಹಗ್ಗ ಕಿವಿಯ ಮೇಲಿಂದ ಜಾರಿ ಕಳಚಿತು, ಮುತ್ಯಾ ಬದುವಿನ ಮೇಲಿಂದ ಕೆಳಗೆ ಬಿದ್ದು ಮೊಳಕೈ ಕಿತ್ತುಕೊಂಡ.

ಅಪ್ಪ ಕಲಬುರಗಿಯಿಂದ ಓಡಿ ಬಂದು ಒಂದೇ ಮಾತು ಹೇಳಿದ. "ಯಪ್ಪಾ, ಇದಕ್ಕ ಗಟ್ಟಿ ಪಟ್ಟಿ ಮಾಡಸ್ತೀನಿ. ಅದನ್ನೂ ಕಿತ್ಕೊಂಡು ಹೋತು ಅಂದ್ರ ಈ ನಾಯಿ ತೋಟದಾಗ ಇರಂಗಿಲ್ಲ, ಕುರಿಗಾರ್ರಿಗಿ ವಾಪಸ್ ಕೊಡೋದೇ."

ಹೀಗೆ ರಜೆಯ ಮೊದಲ ವಾರ ಮುತ್ಯಾ ಕಲಬುರಗಿಗೆ ಬಂದ, ಅವನ ಕೈ ಹಿಡಿದುಕೊಂಡು ನಾನು ಬಜಾರಿಗೆ ಹೋದೆ. ಟಾಂಗಾ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವ ಕಾಸಿಮ್ ಚಾಚಾನ ಅಂಗಡಿ ನಮ್ಮ ಕಡೆಯವರಿಗೆಲ್ಲ ಗೊತ್ತಿತ್ತು. ಚರ್ಮ, ಎಣ್ಣೆ, ಮೇಣ, ಹುಣಸೆಬೀಜದ ಅಂಟು ಎಲ್ಲ ಕೂಡಿದ ಒಂದು ವಾಸನೆ ಅಲ್ಲಿ. ಗೋಡೆಯ ಮೊಳೆಗಳಿಗೆ ಹತ್ತಾರು ಹುರಿಗಳು ನೇತಾಡುತ್ತಿದ್ದವು, ಪ್ರತಿಯೊಂದರಲ್ಲೂ ಅಲ್ಲಲ್ಲಿ ಗಂಟು. ಒಂದೊಂದು ಹುರಿ ಒಂದೊಂದು ಕುದುರೆಯ ಅಳತೆ ಎಂದು ಮುತ್ಯಾ ಹೇಳಿದ. ನನ್ನ ಕಣ್ಣು ಮಾತ್ರ ಮೂಲೆಯಲ್ಲಿದ್ದ ಒಂದು ಕೊರಳಪಟ್ಟಿಯ ಮೇಲೆ ಬಿತ್ತು. ಕೆಂಪು ಚರ್ಮ, ಸುತ್ತಲೂ ಹಿತ್ತಾಳೆಯ ಗೆಜ್ಜೆ.

"ಇದೇ ಇರಲಿ ಮುತ್ಯಾ!" ಎಂದೆ.

ಚಾಚಾ ನಕ್ಕ. "ಬೇಟಿ, ಗೆಜ್ಜಿ ಕಟ್ಟಿದ್ರ ಹಂದಿಗೋಳಿಗಿ ಮೊದಲೇ ಖಬರ್ ಕೊಟ್ಟಂಗ ಆಗ್ತದ." ಆಮೇಲೆ ಮುತ್ಯಾನ ಕಡೆ ತಿರುಗಿದ. "ಮುತ್ಯಾರೆ, ಜಗ್ಗುವಾಗ ನಾಯಿ ಕೆಮ್ಮತದೇನ್ರಿ?"

"ಕೆಮ್ಮತದಪ್ಪ. ಖೊರ್ ಖೊರ್ ಅಂತದ."

"ಹಂಗಾದ್ರ ಕೊರಳಪಟ್ಟಿ ಬ್ಯಾಡ್ರಿ. ಬಿಗಿ ಹಾಕಿದ್ರ ಉಸಿರು ಕಟ್ತದ, ಸಡ್ಲ ಹಾಕಿದ್ರ ಕಿವಿ ಮ್ಯಾಲಿಂದ ಜಾರ್ತದ. ಎತ್ತು ಹೆಗಲ ಕೊಟ್ಟು ಎಳೀತದ, ಕುದುರಿ ಎದಿ ಕೊಟ್ಟು ಎಳೀತದ. ನಿಮ್ಮ ನಾಯಿ ಕುದುರಿ ಜಾತೀದು. ಎದಿಪಟ್ಟಿ ಹೊಲೀತೀನಿ, ಎದಿಗಿ ಒಂದು, ಹೊಟ್ಟಿ ಸುತ್ತ ಒಂದು, ಬೆನ್ನ ಮ್ಯಾಲ ಹಗ್ಗ ಕಟ್ಟಾಕ ಕಬ್ಬಿಣದ ಕಡಿ. ಅಳತಿ ಸರಿ ಇತ್ತಂದ್ರ ಆನಿ ಸುದ್ಧಾ ಬಿಡಿಸ್ಕೊಳ್ಳಂಗಿಲ್ಲ. ನಾಯಿ ಬಣ್ಣ ಯಾವುದು?"

"ಕೆಂಪು! ಮೈಯಾಗ ಒಂದು ಬಿಳಿ ಕೂದಲ ಇಲ್ರಿ," ಎಂದು ನಾನೇ ಮುಂದಾಗಿ ಹೇಳಿದೆ.

"ಅಳತಿ ಯಾರು ತೊಗೋತಾರ?" ಚಾಚಾ ಮುತ್ಯಾನ ಕಣ್ಣು ನೋಡಿ ಕೇಳಿದ.

ಇಲ್ಲಿ ನನ್ನ ಒಂದು ಗುಟ್ಟು ಹೇಳಬೇಕು. ಕೆಂಚ್ಯಾನ ಬೆನ್ನ ಮೇಲೆ ಕೂತು ತೋಟವೆಲ್ಲ ಸುತ್ತುತ್ತೇನೆಂದು ಓಣಿಯ ಗೆಳತಿಯರಿಗೆ ನಾನು ಎರಡು ವರ್ಷದಿಂದ ಕೊಚ್ಚಿಕೊಂಡಿದ್ದೆ. ಮನೆಯಲ್ಲೂ ಅದೇ ಬಡಾಯಿ. ನಿಜವೆಂದರೆ ಆ ನಾಯಿ ಕಂಡರೆ ನನಗೆ ಬಹಳ ಅಂಜಿಕೆ. ಒಮ್ಮೆ ಅದು ಪ್ರೀತಿಯಿಂದಲೇ ಮೇಲೆ ಹಾರಿ ನನ್ನನ್ನು ಕೆಸರಿಗೆ ಕೆಡವಿತ್ತು. ಅಂದಿನಿಂದ ರೊಟ್ಟಿ ತುಣುಕನ್ನೂ ದೂರದಿಂದ ಎಸೆಯುತ್ತಿದ್ದೆ. ಮುತ್ಯಾನಿಗೆ ಕಾಣುತ್ತಿರಲಿಲ್ಲವಲ್ಲ, ಅದೇ ನನಗೆ ಅನುಕೂಲ.

"ನಾ ತೊಗೋತೀನ್ರಿ. ಕೆಂಚ್ಯಾ ನನ್ನ ಮಾತು ಮೀರಂಗಿಲ್ಲ," ಎಂದೆ.

"ಹೌದ್ ನೋಡ್ರಿ, ನಮ್ಮ ಗುರವ್ವಗ ಅದರ ಅಂಜಿಕಿನೇ ಇಲ್ಲ," ಎಂದು ಮುತ್ಯಾ ಹೆಮ್ಮೆಯಿಂದ ನನ್ನ ತಲೆ ಸವರಿದ.

ಚಾಚಾ ಮೇಣ ತಿಕ್ಕಿದ ಒಂದು ಹುರಿ ಕೊಟ್ಟ. ಎದೆ ಸುತ್ತಿ ಒಂದು ಗಂಟು, ಮುಂಗಾಲಿನ ಹಿಂದೆ ಹೊಟ್ಟೆ ಸುತ್ತಿ ಎರಡನೆಯ ಗಂಟು. "ಹುರಿ ಕೆಳಗ ಎರಡು ಬಟ್ಟ ಹೋಗಬೇಕು, ಮೂರನೇದು ಹೋಗಬಾರದು. ತಿಳೀತೇನು ಬೇಟಿ?" ಎಂದು ಎರಡು ಬೆರಳು ಎತ್ತಿ ತೋರಿಸಿದ. ತಿಳಿಯಿತು ಎಂದೆ. ತಿಳಿದೂ ಇತ್ತು.

ಕಮಲಾಪುರ ಮುಟ್ಟಿದ ಮರುದಿನ ಬೆಳಿಗ್ಗೆ ಹುರಿ ಹಿಡಿದು ಬಾವಿಯ ಕಡೆ ಹೋದೆ. ಕೆಂಚ್ಯಾ ಕಟ್ಟಿದ ಗೂಟದಿಂದ ಎದ್ದು ಮೈ ಝಾಡಿಸಿತು, ಬಾಲ ಬಡಿಯಿತು. ನಾನು ನಾಲ್ಕು ಹೆಜ್ಜೆ ದೂರ ನಿಂತೆ. ಮೂರು ಹೆಜ್ಜೆ ಹೋದೆ, ಮತ್ತೆ ಎರಡು ಹಿಂದೆ ಬಂದೆ. ಪಕ್ಕದ ಚಪ್ಪರದಲ್ಲಿ ಬಿಳಿ ಕರು ಹುಲ್ಲು ಮೂಸುತ್ತಿತ್ತು. ಎತ್ತರ ಎರಡರದೂ ಒಂದೇ ಅಲ್ಲವೇ ಅನ್ನಿಸಿತು. ಕರು ಪಾಪ, ಎದೆಗೆ ಹುರಿ ಸುತ್ತಿದರೆ ನನ್ನ ಲಂಗ ನೆಕ್ಕುತ್ತ ನಿಂತಿತ್ತು. ಒಂದು ಗಂಟು, ಎರಡು ಗಂಟು.

"ತೊಗೊಂಡ್ಯಾ ಅವ್ವಾ?" ಎಂದು ಮುತ್ಯಾ ಕಟ್ಟೆಯ ಮೇಲಿಂದ ಕೂಗಿದ.

"ತೊಗೊಂಡೀನಿ ಮುತ್ಯಾ!"

ಬಾಳೆಗೊನೆಯ ಗಾಡಿಯಲ್ಲಿ ಹುರಿ ಕಲಬುರಗಿಗೆ ಹೋಯಿತು. ಎಂಟು ದಿನದಲ್ಲಿ ಅದೇ ಗಾಡಿಯಲ್ಲಿ ಎದೆಪಟ್ಟಿ ಬಂತು. ಅಂಥ ಕೆಲಸವನ್ನು ನಾನು ಆಮೇಲೆ ಕಂಡಿಲ್ಲ. ಮೂರು ಬೆರಳಗಲದ ಚರ್ಮ, ಒಳಗೆ ಮೈ ತರಚದ ಹಾಗೆ ಕಂಬಳಿಯ ಮೆತ್ತೆ, ಜೋಡಿ ಹೊಲಿಗೆ. ಬೆನ್ನಿನ ಕಡಿಯ ಪಕ್ಕದಲ್ಲಿ ಒಂದೇ ಒಂದು ಸಣ್ಣ ಗೆಜ್ಜೆ. ಅದು ನನಗಾಗಿ ಹಾಕಿದ್ದು ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಮುತ್ಯಾ ತಾನೇ ತಡಕಿ ತಡಕಿ ಅದನ್ನು ಕೆಂಚ್ಯಾನಿಗೆ ತೊಡಿಸಿದ. "ಕೊನೀ ತೂತಿಗಿ ಬಿಗದ್ರೂ ಸಡ್ಲ ಅನಸ್ತದಲ್ಲವ್ವಾ?" ಎಂದ.

"ಅಷ್ಟು ಸಡ್ಲ ಇರ್ಬೇಕು ಅಂತ ಚಾಚಾನೇ ಹೇಳ್ಯಾನ," ಎಂದೆ. ಸುಳ್ಳಿಗೆ ಇನ್ನೊಂದು ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ನಾಲ್ಕನೆಯ ದಿನ ಅಪ್ಪ ತೋಟದಲ್ಲಿದ್ದ. ಗಿರ್ದಾವರರು, ಎಂದರೆ ಸರ್ಕಾರದ ಕಂದಾಯದ ಅಧಿಕಾರಿ, ತೋಟ ನೋಡಲು ಬಂದಿದ್ದರು. ಬಿಳಿ ಶೇರವಾನಿ, ತುರ್ಕಿ ಟೋಪಿ. ಹೊಸಬರನ್ನು ಕಂಡು ಕೆಂಚ್ಯಾನಿಗೆ ಖುಷಿಯೋ ಖುಷಿ. ಮುತ್ಯಾ ಹಗ್ಗ ಬಿಗಿ ಹಿಡಿದ. ಕೆಂಚ್ಯಾ ಮುಂದಕ್ಕೆ ಎಳೆಯಲಿಲ್ಲ, ಹಿಂದಕ್ಕೆ ಸರಿದು ತಲೆ ಬಗ್ಗಿಸಿ ಮೈ ಕೊಡವಿತು. ಎದೆಪಟ್ಟಿ ಅಂಗಿ ಕಳಚಿದ ಹಾಗೆ ಕಳಚಿ ಮುತ್ಯಾನ ಕೈಯಲ್ಲಿ ಉಳಿಯಿತು. ಮರುಗಳಿಗೆಗೆ ಗಿರ್ದಾವರರು ನೀರಿನ ಕಾಲುವೆಯಲ್ಲಿ ಅಂಗಾತ ಬಿದ್ದಿದ್ದರು, ಕೆಂಚ್ಯಾ ಅವರ ಮುಖ ನೆಕ್ಕುತ್ತಿತ್ತು. ಅವರು ಎದ್ದು ನಗುತ್ತಲೇ ಕೆಸರು ಒರೆಸಿಕೊಂಡರು. ಅಪ್ಪ ಮಾತ್ರ ಜೋಡಿಸಿದ ಕೈ ಇಳಿಸಲಿಲ್ಲ.

ಎರಡು ದಿನದ ಮೇಲೆ ಅಪ್ಪ, ಮುತ್ಯಾ, ನಾನು ಮೂವರೂ ಕಾಸಿಮ್ ಚಾಚಾನ ಅಂಗಡಿಯಲ್ಲಿ ನಿಂತಿದ್ದೆವು. ಅಪ್ಪ ಎದೆಪಟ್ಟಿಯನ್ನು ಅವನ ಮುಂದೆ ಎಸೆದ.

"ಏನ್ ಚಾಚಾ, ಆನಿ ಸುದ್ಧಾ ಬಿಡಿಸ್ಕೊಳ್ಳಂಗಿಲ್ಲ ಅಂದಿದ್ದಿ. ನಾಯಿ ನಿಂತಲ್ಲೇ ಕಳದು ಒಗದದ!"

ಚಾಚಾ ಮೊಳೆಯಿಂದ ನಮ್ಮ ಹುರಿ ತೆಗೆದ, ಪಟ್ಟಿಯ ಮೇಲೆ ಇಟ್ಟ. ಗಂಟಿಗೆ ಗಂಟು ಸರಿ ಕೂತಿತು.

"ಹಂಗಂದ್ರ ನಮ್ಮ ಹುಡುಗಿ ಸುಳ್ಳು ಅಳತಿ ತಂದಾಳ ಅಂತೀಯೇನು?" ಅಪ್ಪನ ದನಿ ಏರಿತು. ಆಚೀಚೆ ಅಂಗಡಿಯವರು ಇಣುಕಿದರು.

ಚಾಚಾ ಬೆಳಕಿನ ಕಡೆ ಹುರಿ ಹಿಡಿದು ಉಗುರಿನಿಂದ ಒಂದು ಗಂಟು ಬಿಚ್ಚಿದ. ಗಂಟಿನೊಳಗೆ, ಮೇಣಕ್ಕೆ ಅಂಟಿಕೊಂಡು, ಎರಡು ಬಿಳಿ ಕೂದಲು. ಅವನು ಅವನ್ನು ನೋಡಿದ. ನಾನೂ ನೋಡಿದೆ. ಆಮೇಲೆ ಅವನು ನನ್ನನ್ನು ನೋಡಿದ. ಮೈಯಾಗ ಒಂದು ಬಿಳಿ ಕೂದಲ ಇಲ್ರಿ ಎಂದು ಅದೇ ಜಾಗದಲ್ಲಿ ನಿಂತು ಹೇಳಿದವಳು ನಾನೇ.

ಅವನು ಬೆರಳಿನಿಂದ ಕೂದಲು ಹಾರಿಸಿದ.

"ಹುಡುಗಿದು ತಪ್ಪಿಲ್ರಿ ಸಾವಕಾರ್ರೆ. ತಪ್ಪು ನನ್ನ ಕೈದು. ವಯಸ್ಸಾತು. ಇನ್ನೊಂದು ಸಲ ಅಳತಿ ಕೊಡ್ರಿ, ನಾನೇ ಕಮಲಾಪುರಕ್ಕ ಬರ್ತೀನಿ, ನಾಯಿ ಮುಂದ ಕೂತು ಹೊಲೀತೀನಿ."

"ಬ್ಯಾಡ. ಕಲಬುರಗ್ಯಾಗ ನಿನ್ನಂಥ ಕಾರೀಗರ ಇಲ್ಲ ಅಂತಿದ್ರು. ನೀ ಮಾಡಿದ್ದೇ ನಿಲ್ಲಲಿಲ್ಲ ಅಂದ್ರ ಆ ನಾಯಿಗಿ ಯಾವುದೂ ನಿಲ್ಲಂಗಿಲ್ಲ. ಕುರಿಗಾರ್ರಿಗಿ ಕೊಡ್ತೀನಿ." ಅಪ್ಪ ಹೊರಟ. ಹೊರಡುತ್ತ, ಎಲ್ಲರಿಗೂ ಕೇಳುವ ಹಾಗೆ, "ಇವನ ಕೈ ಹೋಗ್ಯದ," ಎಂದ.

ಮುತ್ಯಾ ಮಾತ್ರ ಅಲ್ಲೇ ನಿಂತಿದ್ದ. ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿ, "ಗುರವ್ವ, ಅಳತಿ ಸರಿ ತೊಗೊಂಡಿದ್ದಿ ಹೌದಲ್ಲ?" ಎಂದು ಮೆಲ್ಲಗೆ ಕೇಳಿದ. ಗದರಿಸಲಿಲ್ಲ. ಇಲ್ಲ ಎಂಬ ಒಂದು ಮಾತು ಹೇಳಿದ್ದರೆ ಕೆಂಚ್ಯಾ ಉಳಿಯುತ್ತಿತ್ತು, ಚಾಚಾನ ಹೆಸರು ಉಳಿಯುತ್ತಿತ್ತು. ನನಗೆ ಆಗ ನೆನಪಾದದ್ದು ಏನು ಗೊತ್ತೇ? ಓಣಿಯ ಗೆಳತಿಯರು ನಗುತ್ತಾರೆ ಎಂಬುದು.

"ಹೌದು ಮುತ್ಯಾ," ಎಂದೆ.

ಕುರಿಗಾರರು ಬಂದ ದಿನ ಕೆಂಚ್ಯಾ ಅವರ ಹಗ್ಗ ಹಾಕಿಸಿಕೊಳ್ಳಲಿಲ್ಲ, ಗುರ್ ಎಂದಿತು. ಮುತ್ಯಾ ಕಟ್ಟೆಯ ಮೇಲಿಂದ ಏಳಲೇ ಇಲ್ಲ. "ಗುರವ್ವಗ ಹೇಳ್ರಿ. ಅದು ಆಕಿ ಮಾತು ಕೇಳ್ತದ," ಎಂದ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಗ್ಗ ಹಿಡಿದು ಹೋದೆ, ಕಣ್ಣು ಮುಚ್ಚಿಕೊಂಡೇ ಹೋದೆ ಅನ್ನಬಹುದು. ಕೆಂಚ್ಯಾ ಗುರ್ ಅನ್ನುವುದನ್ನು ನಿಲ್ಲಿಸಿತು. ಕೂತಿತು. ತಲೆ ಬಗ್ಗಿಸಿ ಕೊರಳನ್ನು ನನ್ನ ಎದುರಿಗೆ ಚಾಚಿತು. ಹಗ್ಗ ಸುತ್ತಲು ನಾನು ಎರಡೂ ತೋಳಿನಿಂದ ಅದರ ಎದೆಯನ್ನು ತಬ್ಬಬೇಕಾಯಿತು. ಬಿಸಿಲಿಗೆ ಕಾದ ಕೂದಲು, ಮಣ್ಣಿನ ವಾಸನೆ, ಒಳಗೆ ದಬದಬ ಬಡಿಯುವ ಗುಂಡಿಗೆ. ನಾನು ಗಂಟು ಹಾಕುವ ತನಕ ಅದು ಮಿಸುಕಲಿಲ್ಲ. ಅಳತೆಯ ಹುರಿ ಸುತ್ತಿದ್ದರೆ ಅಂದೂ ಹೀಗೇ ಕೂರುತ್ತಿತ್ತು.

ಮುತ್ಯಾ ಆಮೇಲೆ ಬದುವಿನ ಕಡೆ ಹೋಗಲಿಲ್ಲ. ಮಳೆಗಾಲದ ಹೊತ್ತಿಗೆ ಕಲಬುರಗಿಯ ಮನೆಗೆ ಬಂದು ಪಡಸಾಲೆಯ ಮೂಲೆ ಸೇರಿದ. ಊಟಕ್ಕೆ ಕೂತಾಗ ರೊಟ್ಟಿಯ ಮೊದಲ ತುಣುಕನ್ನು ಮುರಿದು ಪಕ್ಕಕ್ಕೆ ಚಾಚುತ್ತಿದ್ದ, ನೆನಪಾಗಿ ಕೈ ಹಿಂದೆ ತೆಗೆದುಕೊಳ್ಳುತ್ತಿದ್ದ. ನಾನು ಎದುರಿಗೇ ಕೂತು ಉಣ್ಣುತ್ತಿದ್ದೆ. ಮೂರು ವರ್ಷ ಹಾಗೇ ಉಂಡೆ, ಅವನಿಗೆ ಹೇಳಲಿಲ್ಲ. ಅವನು ಹೋಗಿಬಿಟ್ಟ.

ಅಪ್ಪನ ಮಾತು ಬಜಾರಿನಲ್ಲಿ ತಿರುಗಿತು. ನಮ್ಮ ಕಡೆಯವರು ಜೀನು ಹೊಲಿಸಲು ಬೇರೆ ಅಂಗಡಿ ಹುಡುಕಿಕೊಂಡರು. ನನಗೆ ಧೈರ್ಯ ಬಂದು ಒಮ್ಮೆ ಹೋಗುವಷ್ಟರಲ್ಲಿ ನಾನು ಮದುವೆಯಾದ ಹೆಂಗಸು. ಅಂಗಡಿಯಲ್ಲಿ ಬೇರೆ ಯಾರೋ ಬಳೆ ಮಾರುತ್ತಿದ್ದರು. ಗೋಡೆಯಲ್ಲಿ ಮೊಳೆಗಳು ಮಾತ್ರ ಹಾಗೇ ಇದ್ದವು, ಅವಕ್ಕೆ ಬಳೆಯ ಗೊಂಚಲು ತೂಗುಹಾಕಿದ್ದರು. ಚಾಚಾ ಎಲ್ಲಿ ಎಂದು ಕೇಳಿದೆ. ಯಾವ ಚಾಚಾ ಎಂದರು.

ಈಗ ಟಾಂಗಾಗಳೇ ಇಲ್ಲ, ಕುದುರೆಗೆ ಅಳತೆ ಹಿಡಿಯುವವರೂ ಇಲ್ಲ. ಕಮಲಾಪುರದ ಆ ತೋಟ ಪರರ ಪಾಲಾಗಿ ಬಹಳ ದಿನವಾಯಿತು. ಮೊನ್ನೆ ಮೊಮ್ಮಗಳು ತನ್ನ ದೊಡ್ಡ ನಾಯಿಗೆ ಪೇಟೆಯಿಂದ ಸಿದ್ಧ ಪಟ್ಟಿ ತಂದಳು. ಅದರ ಕೆಳಗೆ ಬೆರಳು ತೂರಿಸಿ ನೋಡಿದೆ. ಎರಡು ಹೋಯಿತು, ಮೂರನೆಯದು ಹೋಗಲಿಲ್ಲ. "ಸರಿ ಅದ," ಎಂದೆ. "ನಿನಗ ಇದೆಲ್ಲ ಯಾರು ಕಲಿಸಿದ್ರು ಆಯಿ?" ಎಂದು ಅವಳು ಕೇಳಿದಳು. ಬಾಯಿ ಬಿಡಲು ಹೋದೆ, ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೇಳಬೇಕಾದ ಇಬ್ಬರೂ ಇಲ್ಲ. ಆದರೂ ಇರಲಿ. ಮುತ್ಯಾ, ಅದು ಕರುವಿನ ಅಳತೆ. ಕಾಸಿಮ್ ಚಾಚಾ, ನಿನ್ನ ಕೈ ಹೋಗಿರಲಿಲ್ಲ.