ರಾಜು ತುಂಬಿದ್ದ ಎಣ್ಣೆ

2006ರ ಬೇಸಿಗೆಯ ಒಂದು ಮಧ್ಯಾಹ್ನ ನಾನು ಹುಮನಾಬಾದಿನಲ್ಲಿ, ಪಂಪ್‌ಸೆಟ್ ರಿಪೇರಿ ಮಾಡುವ ಕಾಶಣ್ಣನವರ ಅಂಗಡಿ ಬಾಗಿಲಲ್ಲಿ ನಿಂತಿದ್ದೆ. ಅವರ ಮುಂದೆ ರಿಮೋಟಿನಿಂದ ಓಡುವ ಮೊಳದುದ್ದದ ಕಾರಿತ್ತು. ಅದರೊಳಗೆ ಎಣ್ಣೆ ಕುಡಿಯುವ ನಿಜವಾದ ಪುಟ್ಟ ಎಂಜಿನ್. ಅವರ ಮಗ ರಾಜು ಪುಣೆಯಿಂದ ತಂದದ್ದು. ಅವನು ಬೈಕ್ ಅಪಘಾತದಲ್ಲಿ ತೀರಿಕೊಂಡು ತಿಂಗಳಾಗಿತ್ತು. ಕಾಶಣ್ಣ ಅದನ್ನು ಚಾಲೂ ಮಾಡಲು ಹೊರಟಿದ್ದರು.

“ಬ್ಯಾಡ್ರಿ, ಅದರಾಗ ಅಂವ ತುಂಬಿದ ಎಣ್ಣಿ ಅದ,” ಎಂದರು ಹೆಂಡತಿ ಶರಣಮ್ಮ.

“ಹಂಗೇ ಬಿಟ್ರ ಒಳಗೆಲ್ಲಾ ಜಂಗ್ ಹಿಡೀತದ. ಸುಟ್ಟು ಖಾಲಿ ಮಾಡಬೇಕಂತ ಅಂವನೇ ಹೇಳ್ಯಾನ.”

ಕಾಶಣ್ಣ ಎಂಜಿನ್ ಚಾಲೂ ಮಾಡುವ ದಾರ ಎಳೆದರು. ಅದು ಕೆಮ್ಮುತ್ತಾ ಶುರುವಾಯಿತು. ಅವರು ಕಿವಿಗೊಟ್ಟು, ಎಣ್ಣೆ ಬಿಡುವ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರು. ಶರಣಮ್ಮ ಹೊಗೆಯಿಂದ ದೂರ ಸರಿಯಲಿಲ್ಲ. ಹತ್ತಿರ ಬಂದು ಕೂತರು. ಇದ್ದಕ್ಕಿದ್ದಂತೆ ಎಂಜಿನ್ನಿನ ದನಿ ಏರಿ ತಿಳಿಯಾಯಿತು.

“ಕೇಳು, ಈಗ ಅಂವ ನಡಸಿದಂಗೇ ನಡ್ಯಾಕತ್ತದ!” ಎಂದು ಕಾಶಣ್ಣ ನಕ್ಕರು.

ಮರುಕ್ಷಣವೇ ಎಂಜಿನ್ ನಿಂತಿತು. ಎಣ್ಣೆ ತೀರುವ ಮುನ್ನ ಇಂಥ ಎಂಜಿನ್ ಹೀಗೆಯೇ ಜೋರಾಗುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ಅವರ ಬೆರಳು ಇನ್ನೂ ತಿರುಪಿನ ಮೇಲಿತ್ತು.

ಕಾಶಣ್ಣ ಈಗಿಲ್ಲ. ತುಕ್ಕು ಹಿಡಿಯದ ಆ ಕಾರು ಅವರ ಮನೆಯಲ್ಲೇ ಇದೆ. ಅಂದು ಅದರ ಕೊನೆಯ ದನಿ ಕೇಳಿದವರಲ್ಲಿ ಉಳಿದಿರುವವರು ಶರಣಮ್ಮ ಮತ್ತು ನಾನು.